ಒಂದೇ ಮನೆ ನಡೆಯುವ ಕಾಲಾಳು: ಕಾರ್ಗಲ್‌ನ ಹತ್ತು ನಿಮಿಷದ ಚೆಸ್ ಆಟಕ್ಕೆ ಇನ್ನೂರು ವರ್ಷದ ಹಿನ್ನೆಲೆ

ಮೊಬೈಲ್‌ನಲ್ಲಿ ಚೆಸ್ ಆಡುವವರು ಗಮನಿಸಿರಬಹುದು. ನಾಲ್ಕೈದು ನಡೆ ಆಗುವಷ್ಟರಲ್ಲಿ ಆ್ಯಪ್ ಬೋರ್ಡಿನ ಪಕ್ಕದಲ್ಲಿ ಒಂದು ಹೆಸರು ತೋರಿಸುತ್ತದೆ. ಆಟ ಶುರುಮಾಡಿದ ರೀತಿಗೆ ಇರುವ ಹೆಸರು ಅದು. ಸಿಸಿಲಿಯನ್, ಇಟಾಲಿಯನ್, ಫ್ರೆಂಚ್, ಸ್ಕಾಚ್ ಹೀಗೆ ಬಹುಪಾಲು ಯುರೋಪಿನ ಊರು-ದೇಶಗಳ ಹೆಸರುಗಳು. ನಡುನಡುವೆ ‘ಇಂಡಿಯನ್’ ಅಂತಲೂ ಬರುತ್ತದೆ. ಕಿಂಗ್ಸ್ ಇಂಡಿಯನ್, ಕ್ವೀನ್ಸ್ ಇಂಡಿಯನ್, ಓಲ್ಡ್ ಇಂಡಿಯನ್. ಇಂಡಿಯಾಕ್ಕೂ ಆ ನಡೆಗಳಿಗೂ ಏನು ಸಂಬಂಧ ಎಂದು ಆಡುವವರು ಸಾಮಾನ್ಯವಾಗಿ ಕೇಳುವುದಿಲ್ಲ. ಹತ್ತೇ ನಿಮಿಷದ ಆಟ, ಕೇಳಲು ಪುರಸೊತ್ತೂ ಇರುವುದಿಲ್ಲ.

ಈ ಮಳೆಗಾಲದಲ್ಲಿ ಕಾರ್ಗಲ್‌ನ ಒಂದು ಚಾ ಅಂಗಡಿಯಲ್ಲಿ ಅಂಥದ್ದೊಂದು ಆಟ ನೋಡಿದೆ. ಒಂದು ಕಡೆ ಪಿಯುಸಿ ಓದುವ ಹುಡುಗ, ಇನ್ನೊಂದು ಕಡೆ ಎಂಬತ್ತರ ಆಸುಪಾಸಿನ ಅಜ್ಜ. ಅಜ್ಜನ ಕೈಯಲ್ಲಿದ್ದದ್ದು ಮೊಮ್ಮಗನ ಫೋನ್. ಅಣೆಕಟ್ಟಿನ ಕೆಲಸಕ್ಕೆಂದು ಬಂದ ಅಪ್ಪನ ಜೊತೆ ಹುಡುಗನಾಗಿದ್ದಾಗ ಕಾರ್ಗಲ್‌ಗೆ ಬಂದವರು ಅವರು. ಚೆಸ್ ಕಲಿತದ್ದೂ ಅಪ್ಪನಿಂದಲೇ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಎಳೆದು.

ಬಿಳಿ ಕಾಯಿ ಹುಡುಗನದು. ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದೆ ತಳ್ಳಿದ, ಮರುನಡೆಯಲ್ಲೇ ಒಂಟೆಯನ್ನು ಹೊರಗೆ ತಂದ. ಈಗಿನ ಹುಡುಗರಿಗೆ ಬಹಳ ಇಷ್ಟವಾದ ‘ಲಂಡನ್ ಸಿಸ್ಟಮ್’ ಅದು. ಅಜ್ಜ ಮೊದಲು ರಾಜನ ಬದಿಯ ಕುದುರೆ ಹಾರಿಸಿದರು. ಆಮೇಲೆ ಆ ಬದಿಯ ಕುದುರೆ ನಿಂತಿದ್ದ ಸಾಲಿನ ಕಾಲಾಳನ್ನು ಒಂದೇ ಮನೆ ಮುಂದೆ ಇಟ್ಟರು. ತೆರವಾದ ಜಾಗಕ್ಕೆ ಒಂಟೆ ಬಂದು ಕೂತಿತು. ಮತ್ತೊಂದು ಕಾಲಾಳು, ಒಂದೇ ಮನೆ. ಇನ್ನೊಂದು, ಅದೂ ಒಂದೇ ಮನೆ. ಪರದೆಯ ಮೇಲೆ ‘ಇಂಡಿಯನ್’ ಎಂಬ ಪದ ಬಂತು. ಎದುರು ಬದುರು ಲಂಡನ್ ಮತ್ತು ಇಂಡಿಯನ್! ಹುಡುಗ ನಕ್ಕ. ‘ಅಜ್ಜ ಒಂದೊಂದೇ ಮನೆ ಇಡ್ತಾ ಕೂತ್ರೆ ಟೈಮ್ ಮುಗೀತದೆ’ ಅಂದ.

ಎಡವಟ್ಟು ಆದದ್ದು ಆಮೇಲೆ. ಅಜ್ಜ ರಾಜನ ಮೇಲೆ ಬೆರಳಿಟ್ಟು, ಮಂತ್ರಿಯ ತಲೆಯ ಮೇಲಿಂದ ದಾಟಿಸಿ, ಆಚೆ ಬದಿಯ ಒಂಟೆಯ ಮುಂದಿನ ಖಾಲಿ ಮನೆಯಲ್ಲಿ ಇಟ್ಟರು. ಥೇಟ್ ಕುದುರೆಯ ನಡೆ. ರಾಜ ಅಲ್ಲಿ ನಿಲ್ಲಲಿಲ್ಲ, ಸರಕ್ಕನೆ ಹಿಂದಕ್ಕೆ ಬಂದ. ಮತ್ತೆ ಇಟ್ಟರು, ಮತ್ತೆ ಬಂದ. ‘ಎಂತದ ಮಾರಾಯ ಇದು, ರಾಜ ಹಾರ್ತಾನೇ ಇಲ್ಲ!’

‘ರಾಜ ಹಂಗೆಲ್ಲ ಹಾರಲ್ಲ ಅಜ್ಜ. ನಿಮಗೆ ರೂಲ್ಸೇ ಗೊತ್ತಿಲ್ಲ.’

ಒಂದು ಕಾಲಾಳು ಹೆಚ್ಚಿದ್ದರೂ ಅಜ್ಜ ಟೈಮ್ ಮುಗಿದು ಸೋತರು. ಸೋತದ್ದು ದೊಡ್ಡ ವಿಷಯವಲ್ಲ. ‘ರೂಲ್ಸೇ ಗೊತ್ತಿಲ್ಲ’ ಎಂಬ ಮಾತಿದೆಯಲ್ಲ, ಅದು ಸರಿಯಲ್ಲ. ಅಜ್ಜನಿಗೆ ರೂಲ್ಸ್ ಚೆನ್ನಾಗಿಯೇ ಗೊತ್ತಿತ್ತು. ಅವು ಬೇರೆ ರೂಲ್ಸ್, ಅಷ್ಟೇ.

ಮಳೆ ಬಿಡುವವರೆಗೂ ಕೂತು ಅವರಿಂದ ಕೇಳಿ ಬರೆದುಕೊಂಡೆ. ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ. ಈಗಿನ ಹಾಗೆ ರಾಜ ಆನೆ ಎರಡನ್ನೂ ಒಟ್ಟಿಗೆ ಸರಿಸುವ ಕ್ಯಾಸ್ಲಿಂಗ್ ಇಲ್ಲ. ಅದರ ಬದಲು ರಾಜನಿಗೆ ಇಡೀ ಆಟದಲ್ಲಿ ಒಂದೇ ಒಂದು ಸಲ ಕುದುರೆ ಹಾರಿಕೆ ಉಂಟು. ಆದರೆ ಒಮ್ಮೆ ಚೆಕ್ ಬಿತ್ತೋ, ಆ ಹಾರಿಕೆ ಹೋಯಿತು. ಇಬ್ಬರ ರಾಜರೂ ಎದುರು ಬದುರು ನಿಲ್ಲುವುದಿಲ್ಲ, ಒಬ್ಬನ ರಾಜನ ಎದುರು ಇನ್ನೊಬ್ಬನ ಮಂತ್ರಿ. ಕಾಲಾಳು ಕೊನೆಯ ಸಾಲು ಮುಟ್ಟಿದರೆ ಬೇಕುಬೇಕಾದ್ದು ಆಗುವುದಿಲ್ಲ. ಆನೆಯ ಸಾಲಿನಲ್ಲಿ ಹೋದದ್ದು ಆನೆ, ಒಂಟೆಯ ಸಾಲಿನಲ್ಲಿ ಹೋದದ್ದು ಒಂಟೆ.

ಇದು ಕಾರ್ಗಲ್‌ನಲ್ಲಿ ಹುಟ್ಟಿದ ನಿಯಮವಲ್ಲ, ಅಜ್ಜನ ಮನೆಯವರು ಕಟ್ಟಿದ್ದೂ ಅಲ್ಲ. ಚೂರುಪಾರು ವ್ಯತ್ಯಾಸದೊಂದಿಗೆ ಭಾರತದ ಬಹುಭಾಗದಲ್ಲಿ ಹತ್ತೊಂಬತ್ತನೇ ಶತಮಾನದಲ್ಲೂ ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲೂ ಚದುರಂಗ ಆಡುತ್ತಿದ್ದದ್ದೇ ಹೀಗೆ. ಕಾಲಾಳಿಗೆ ಮೊದಲ ನಡೆಯಲ್ಲಿ ಎರಡು ಮನೆ ಕೊಟ್ಟದ್ದು ಯುರೋಪು, ಆಟ ಬೇಗ ಕಾವೇರಲಿ ಎಂದು. ಚದುರಂಗ ನಮ್ಮಲ್ಲಿಂದ ಪರ್ಷಿಯಾಕ್ಕೆ, ಅಲ್ಲಿಂದ ಅರಬರಿಗೆ, ಅರಬರಿಂದ ಯುರೋಪಿಗೆ ಹೋದ ಆಟ. ಒಂದು ಮನೆಯ ಕಾಲಾಳು ಆ ಆಟದ ಹಳೆಯ ಕಾಲಾಳು.

ಈಗ ಇಂಡಿಯನ್ ಎಂಬ ಹೆಸರಿಗೆ ಬರೋಣ. ಕಾಲಾಳು ಒಂದೇ ಮನೆ ನಡೆಯುತ್ತದೆ ಎಂದಾಗ ಆಟ ಶುರುಮಾಡುವ ರೀತಿಯೇ ಬದಲಾಗುತ್ತದೆ. ನಾಲ್ಕಾರು ನಡೆ ಕಳೆದರೂ ಎರಡು ಸೈನ್ಯಗಳು ಮುಟ್ಟಿಕೊಳ್ಳುವುದಿಲ್ಲ. ನಡುವಿನ ಮನೆಗಳಿಗೆ ಓಡಿಹೋಗಿ ಕೂರುವುದು ಆಗದ ಕೆಲಸ. ಆಗ ಜಾಣ ಆಟಗಾರ ಏನು ಮಾಡುತ್ತಾನೆ? ಅಂಚಿನ ಹತ್ತಿರ ಒಂದು ಕಾಲಾಳನ್ನು ಎತ್ತಿ, ಅದರ ಹಿಂದೆ ಒಂಟೆ ಕೂರಿಸುತ್ತಾನೆ. ಒಂಟೆ ಮೂಲೆಯಲ್ಲಿ ಕೂತು ಇಡೀ ಬೋರ್ಡನ್ನು ಓರೆಯಾಗಿ ನೋಡುತ್ತಿರುತ್ತದೆ. ಎದುರಾಳಿ ನಡುಮನೆಗೆ ಬರಲಿ, ಆಮೇಲೆ ಹೊಡೆದರಾಯಿತು ಎನ್ನುವ ಲೆಕ್ಕ. ಬೇಟೆಗೆ ಹೊಂಚು ಕೂತವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜ ಆಡಿದ್ದು ಅದನ್ನೇ.

ಇದೇ ಆಟವನ್ನು ಬಿಳಿಯರ ಎದುರು ಆಡಿ ಹೆಸರಾದವನು ಬಂಗಾಳದ ಒಬ್ಬ ಬ್ರಾಹ್ಮಣ, ಮಹೇಶಚಂದ್ರ ಬ್ಯಾನರ್ಜಿ. ಕಲ್ಕತ್ತದ ಇಂಗ್ಲಿಷರ ಚೆಸ್ ಕ್ಲಬ್ಬಿನಲ್ಲಿ ಆಗ ಜಾನ್ ಕಾಕ್ರೇನ್ ಎಂಬ ಸ್ಕಾಟ್ಲೆಂಡ್ ಮೂಲದ ಬ್ಯಾರಿಸ್ಟರ್ ಇದ್ದ. ಲಂಡನ್ನಿನ ದೊಡ್ಡ ಆಟಗಾರರ ಜೊತೆ ಆಡಿ ಬಂದವನು, ಕಲ್ಕತ್ತದಲ್ಲಿ ಅವನಿಗೆ ಎದುರು ಕೂರುವವರೇ ಇರಲಿಲ್ಲ. ಒಂದು ಹಳ್ಳಿಯಲ್ಲಿ ಈವರೆಗೆ ಯಾರಿಗೂ ಸೋಲದ ಒಬ್ಬ ಇದ್ದಾನೆ ಎಂಬ ಸುದ್ದಿ 1848ರ ಹೊತ್ತಿಗೆ ಕ್ಲಬ್ಬಿನವರಿಗೆ ಸಿಕ್ಕಿತು. ಅವನೇ ಮಹೇಶಚಂದ್ರ. ಯುರೋಪಿನ ನಿಯಮ ಅವನಿಗೆ ಹೊಸತು. ಕಲಿತ. ಮುಂದೆ ಕಾಕ್ರೇನ್ ಮತ್ತು ಅವನು ನೂರಾರು ಆಟ ಆಡಿದರು. ಕಾಕ್ರೇನ್ ನಡೆಗಳನ್ನು ಬರೆದಿಟ್ಟ, ಅವು ಇಂಗ್ಲೆಂಡಿನ ಚೆಸ್ ಪತ್ರಿಕೆಗಳಲ್ಲಿ ಅಚ್ಚಾದವು. ಬರೆದಿಟ್ಟ ಎನ್ನುವುದು ಇಲ್ಲಿ ಮುಖ್ಯ. ಊರಲ್ಲಿದ್ದಾಗ ಮಹೇಶಚಂದ್ರ ಆಡಿದ ಒಂದು ಆಟವೂ ನಮಗೆ ಉಳಿದಿಲ್ಲ.

1855ರ ಒಂದು ಆಟ ಚೆಸ್ ಲೋಕದಲ್ಲಿ ಪ್ರಸಿದ್ಧ. ಕಾಕ್ರೇನ್ ಬಿಳಿ, ಮಹೇಶಚಂದ್ರ ಕಪ್ಪು. ಮಹೇಶಚಂದ್ರ ಕುದುರೆ ಹಾರಿಸಿ, ಕಾಲಾಳನ್ನು ಒಂದು ಮನೆ ಎತ್ತಿ, ನಾಲ್ಕನೇ ನಡೆಗೆ ಒಂಟೆಯನ್ನು ಮೂಲೆಯಲ್ಲಿ ಕೂರಿಸಿದ. ಅದಕ್ಕೆ ಮೊದಲು ಮೂರನೇ ನಡೆಯಲ್ಲಿ ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿ ನಡುವಿನಲ್ಲಿ ಜಗಳ ತೆಗೆದಿದ್ದ. ಹೊಸ ನಿಯಮದ ಲಾಭವನ್ನು ಹಳೆಯ ಹೊಂಚಿಗೆ ಜೋಡಿಸಿದ್ದ. ಹದಿನೇಳು ನಡೆಯವರೆಗೆ ಆಟ ಸಮ. ಹದಿನೆಂಟಕ್ಕೆ ಕಾಕ್ರೇನ್‌ನ ಕುದುರೆ ರಾಜನ ಮಗ್ಗುಲಿನ ಕಾಲಾಳನ್ನು ಹೊಡೆದು ಒಳಗೆ ಬಂತು. ಮಹೇಶಚಂದ್ರ ಅದನ್ನು ಗಮನಿಸುವ ಬದಲು ತನ್ನ ಕುದುರೆಯಿಂದ ಕಾಕ್ರೇನ್‌ನ ಮಂತ್ರಿಯನ್ನು ಹೆದರಿಸಲು ಹೋದ. ಅಲ್ಲಿಗೆ ಮುಗಿಯಿತು. ಬಿಳಿ ಕುದುರೆ ಪಕ್ಕಕ್ಕೆ ಹಾರಿತು. ಕುದುರೆಯದೂ ಮಂತ್ರಿಯದೂ ಒಟ್ಟಿಗೆ ಚೆಕ್. ರಾಜ ಮೂಲೆಗೆ ಸರಿಯಲೇಬೇಕಾಯಿತು. ಕಾಕ್ರೇನ್ ತನ್ನ ಮಂತ್ರಿಯನ್ನೇ ತಂದು ರಾಜನ ಮಗ್ಗುಲಲ್ಲಿ ಬಲಿಗೆ ಇಟ್ಟ. ಆನೆಯಿಂದ ಅದನ್ನು ಹೊಡೆಯದೆ ಬೇರೆ ದಾರಿ ಇರಲಿಲ್ಲ. ಹೊಡೆದ ಕೂಡಲೇ ಕುದುರೆ ಹಿಂದಿನ ಮನೆಗೆ ಮರಳಿತು. ಚೆಕ್, ಆಟ ಬಂದ್. ರಾಜನ ಪಕ್ಕದಲ್ಲಿ ತನ್ನದೇ ಆನೆ, ಎದುರಿಗೆ ತನ್ನದೇ ಕಾಲಾಳು, ಓರೆಯಲ್ಲಿ ನಾಲ್ಕನೇ ನಡೆಯಲ್ಲಿ ಹೊಂಚಿಗೆ ಕೂರಿಸಿದ ತನ್ನದೇ ಒಂಟೆ. ಎದುರಾಳಿಗಿಂತ ಹೆಚ್ಚಾಗಿ ತನ್ನವರೇ ದಾರಿ ಕಟ್ಟಿದ್ದರು. (ಕಾರ್ಗಲ್ ಅಜ್ಜನ ನಿಯಮದಲ್ಲಿ ಆಡಿದ್ದರೂ ಉಳಿಗಾಲ ಇರಲಿಲ್ಲ. ಆಗಲೇ ಚೆಕ್ ಬಿದ್ದಿತ್ತಲ್ಲ, ಹಾರಿಕೆ ಹೋಗಿತ್ತು.)

ಮಹೇಶಚಂದ್ರ ಸೋತ, ಅವನ ಆರಂಭ ಗೆದ್ದಿತು. ಅದೇ ಮೊದಲ ನಡೆಗಳನ್ನು 1922ರಲ್ಲಿ ಆಸ್ಟ್ರಿಯಾದ ಅರ್ನ್ಸ್ಟ್ ಗ್ರುನ್‌ಫೆಲ್ಡ್ ದೊಡ್ಡ ಪಂದ್ಯಗಳಲ್ಲಿ ಆಡಿದ. ಇವತ್ತು ಆ್ಯಪ್‌ನಲ್ಲಿ ಅದು ‘ಗ್ರುನ್‌ಫೆಲ್ಡ್ ಡಿಫೆನ್ಸ್’. 67 ವರ್ಷ ಮೊದಲೇ ಕಲ್ಕತ್ತದಲ್ಲಿ ಆಡಿದವನ ಹೆಸರು ಬರಲಿಲ್ಲ. ಆ ಜಾತಿಯ ಉಳಿದ ಆರಂಭಗಳಿಗೆಲ್ಲ ಸೇರಿ ಇಂಡಿಯನ್ ಎಂಬ ಪದ ಅಂಟಿಕೊಂಡಿತು. 1884ರಲ್ಲೇ ‘ಇಂಡಿಯನ್ ಡಿಫೆನ್ಸ್’ ಎಂದು ಬಳಸಿದ್ದು ಸಿಗುತ್ತದೆ. ಆ ಇಂಡಿಯನ್ ಎಂದರೆ ಮಹೇಶಚಂದ್ರ. ಅಂದಹಾಗೆ ನಮ್ಮ ಪಿಯುಸಿ ಹುಡುಗನ ‘ಲಂಡನ್’ ಹೆಸರೂ 1922ರದ್ದೇ, ಲಂಡನ್ನಿನಲ್ಲಿ ಆ ವರ್ಷ ನಡೆದ ಪಂದ್ಯಾವಳಿಯಿಂದ ಬಂದದ್ದು. ಚಾ ಅಂಗಡಿಯಲ್ಲಿ ಎದುರಾದ ಎರಡರಲ್ಲಿ ಅಜ್ಜನದೇ ಹಳೆಯದು.

ಕಲ್ಕತ್ತದಲ್ಲಿ ಈ ಆಟ ನಡೆಯುತ್ತಿದ್ದ ವರ್ಷಗಳಲ್ಲೇ ಮೈಸೂರಿನಲ್ಲಿ ಒಬ್ಬ ರಾಜ ಚದುರಂಗದ ಮೇಲೆ ತಲೆ ಕೆಡಿಸಿಕೊಂಡು ಕೂತಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರು. ಅವರು ಹಾಗೆ ಕೂರುವುದಕ್ಕೆ ಕಾರಣವಾದವರಲ್ಲಿ ನಮ್ಮ ಸೀಮೆಯ ರೈತರೂ ಸೇರಿದ್ದಾರೆ ಎಂದರೆ ನಂಬುವುದು ಕಷ್ಟ. ಆದರೆ ನಡೆದದ್ದು ಹಾಗೆಯೇ.

ಟಿಪ್ಪು ಸತ್ತ ಮೇಲೆ 1799ರಲ್ಲಿ ಇಂಗ್ಲಿಷರು ಐದು ವರ್ಷದ ಮುಮ್ಮಡಿಯವರನ್ನು ಪಟ್ಟಕ್ಕೆ ಕೂರಿಸಿದರು. ದಿವಾನ್ ಪೂರ್ಣಯ್ಯನವರ ಕಾಲ ಕಳೆದು ರಾಜರೇ ಆಳತೊಡಗಿದ ಮೇಲೆ ಖಜಾನೆ ಸೊರಗುತ್ತ ಹೋಯಿತು. ಇಷ್ಟು ಹಣ ವಸೂಲು ಮಾಡಿ ಕೊಡುತ್ತೇನೆ ಎಂದು ಅಮಲ್ದಾರರಿಂದ ಮೊದಲೇ ಬರೆಸಿಕೊಳ್ಳುವ ‘ಶರ್ತಿ’ ಪದ್ಧತಿ ಬಂತು. ಬರೆದುಕೊಟ್ಟ ಅಮಲ್ದಾರ ರೈತನನ್ನು ಹಿಂಡದೆ ಬಿಡುತ್ತಾನೆಯೇ? 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿದರು, ಕಂದಾಯ ಕೊಡುವುದಿಲ್ಲ ಎಂದರು. ನಗರ ಎಂದರೆ ಇವತ್ತಿನ ಹೊಸನಗರ ತಾಲ್ಲೂಕಿನ ಹಳೆಯ ಬಿದನೂರು, ಕೆಳದಿ ಅರಸರ ಕೊನೆಯ ರಾಜಧಾನಿ. ಸಾಗರ, ತೀರ್ಥಹಳ್ಳಿಯ ಕಡೆಯೆಲ್ಲ ಆಗ ಆ ಆಡಳಿತಕ್ಕೇ ಸೇರಿತ್ತು. ಕೆಳದಿ ವಂಶದ ಹಕ್ಕುದಾರ ತಾನು ಎಂದು ಬೂದಿ ಬಸವಪ್ಪ ಮುಂದೆ ಬಂದ. ದಂಗೆ ಎದ್ದಿತು, ಕಂಪನಿಯ ಪಡೆ ಬಂದು ಅಡಗಿಸಿತು.

ಇದನ್ನೇ ನೆಪ ಮಾಡಿಕೊಂಡು ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ 1831ರಲ್ಲಿ ಮೈಸೂರಿನ ಆಡಳಿತವನ್ನೇ ಕಂಪನಿಯ ಕೈಗೆ ತೆಗೆದುಕೊಂಡ. ರಾಜರಿಗೆ ಪಟ್ಟ ಉಳಿಯಿತು, ಅರಮನೆ ಉಳಿಯಿತು, ವರ್ಷಕ್ಕೆ ಒಂದು ಲಕ್ಷ ವರಹ ಮತ್ತು ಆದಾಯದ ಐದನೇ ಒಂದು ಪಾಲು ಉಳಿಯಿತು. ಆಳುವ ಕೆಲಸ ಮಾತ್ರ ಹೋಯಿತು. 1834ರಿಂದ 1861ರವರೆಗೆ ಕಮಿಷನರ್ ಆಗಿ ಆಳಿದವನು ಮಾರ್ಕ್ ಕಬ್ಬನ್, ಬೆಂಗಳೂರಿನ ಕಬ್ಬನ್ ಪಾರ್ಕ್‌ಗೆ ಹೆಸರು ಕೊಟ್ಟವನು. ಮುಮ್ಮಡಿಯವರು ರಾಜ್ಯ ಮರಳಿಸಿ ಎಂದು ಅರ್ಜಿ ಮೇಲೆ ಅರ್ಜಿ ಬರೆಯುತ್ತಲೇ 1868ರಲ್ಲಿ ತೀರಿಕೊಂಡರು. ಆಡಳಿತ ವಾಪಸಾದದ್ದು 1881ರಲ್ಲಿ, ಅವರ ದತ್ತುಪುತ್ರನಿಗೆ.

ಬೋರ್ಡಿನ ಮೇಲೆ ರಾಜ ಇದ್ದೂ ನಡೆಯಲು ಮನೆ ಇಲ್ಲದ ಸ್ಥಿತಿ ಅದು. ಆ ದಿನಗಳಲ್ಲಿ ಅವರ ಆಸ್ಥಾನದಲ್ಲಿ ಸಾಹಿತ್ಯ, ಚಿತ್ರ, ಸಂಗೀತದ ಜೊತೆ ಆಟಗಳೂ ಬೆಳೆದವು. ಅವರ ಹೆಸರಿನ ಶ್ರೀತತ್ತ್ವನಿಧಿ ಒಂಬತ್ತು ನಿಧಿಗಳ ಗ್ರಂಥ. ಕೊನೆಯದಾದ ಕೌತುಕನಿಧಿಯಲ್ಲಿ ಇರುವುದು ಆಟಗಳ ವಿಚಾರ. ಗಂಜೀಫಾ ಎಲೆಗಳಲ್ಲಿ, ಪಗಡೆಯಂಥ ಆಟಗಳಲ್ಲಿ ಹೊಸ ಹೊಸ ಬಗೆ ಕಟ್ಟಿದರು. ಚದುರಂಗದಲ್ಲಿ ಅವರಿಗೆ ಹುಚ್ಚು ಹಿಡಿಸಿದ್ದು ಕುದುರೆ. ಒಂದು ಕುದುರೆಯನ್ನು 64 ಮನೆಗಳ ಮೇಲೂ ಓಡಿಸಬೇಕು, ಯಾವ ಮನೆಯನ್ನೂ ಎರಡನೇ ಸಲ ತುಳಿಯಬಾರದು. ಮಾಡಿ ನೋಡಿ, ಐವತ್ತು ಮನೆ ದಾಟುವುದರೊಳಗೆ ಸಿಕ್ಕಿಹಾಕಿಕೊಳ್ಳುತ್ತೀರಿ. ತುಳಿದ ಕ್ರಮದಲ್ಲಿ ಮನೆಗಳಿಗೆ ಒಂದು, ಎರಡು ಎಂದು ಅಂಕಿ ಬರೆದು, ಸಾಲುಗಳನ್ನು ಕೂಡಿದರೆ ಮೊತ್ತ ಒಂದೇ ಬರಬೇಕು ಎನ್ನುವ ಇನ್ನೂ ಕಠಿಣ ಲೆಕ್ಕಕ್ಕೂ ಅವರು ಕೈಹಾಕಿದರು. 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಆಟಗಳ ಚಿತ್ರಗಳಿವೆ. ಮೈಸೂರಿಗೆ ಪ್ರವಾಸ ಹೋದ ನಮ್ಮ ಶಾಲೆ ಮಕ್ಕಳು ರವಿವರ್ಮನ ಚಿತ್ರ ನೋಡಿ, ಇವುಗಳ ಮುಂದೆ ನಿಲ್ಲದೆ ಬಸ್ ಹತ್ತುತ್ತಾರೆ.

ಕನ್ನಡ ನೆಲದಲ್ಲಿ ಚದುರಂಗ ಅಲ್ಲಿಂದ ಶುರುವಾದದ್ದೂ ಅಲ್ಲ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆದ ಸಂಸ್ಕೃತದ ಮಾನಸೋಲ್ಲಾಸದಲ್ಲಿ, ರಾಜನ ವಿನೋದಗಳ ಭಾಗದಲ್ಲಿ, ಈ ಆಟ ವಿವರವಾಗಿ ಬರುತ್ತದೆ. ರಾಜರು ಬರೆದರು, ಬರೆಸಿದರು, ಉಳಿಯಿತು. ಜಗಲಿಯ ಮೇಲೆ ಆಡಿದವರದು ಉಳಿಯಲಿಲ್ಲ.

ಒಂದು ಮನೆ ಕಾಲಾಳಿನ ಆಟ ಕಲಿತವನು ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ಮೀರ್ ಸುಲ್ತಾನ್ ಖಾನ್ ಸಾಕ್ಷಿ. ಪಂಜಾಬಿನವನು, ಹಳೆಯ ಭಾರತೀಯ ನಿಯಮದಲ್ಲೇ ಬೆಳೆದವನು. 1929ರಲ್ಲಿ ಯಜಮಾನನ ಜೊತೆ ಲಂಡನ್ನಿಗೆ ಹೋದವನು ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದ. 1932, 1933ರಲ್ಲಿ ಮತ್ತೆ ಗೆದ್ದ. ವಿಶ್ವ ಚಾಂಪಿಯನ್ ಆಗಿದ್ದ ಕಾಪಬ್ಲಾಂಕನನ್ನೂ ಸೋಲಿಸಿದ. ಆರಂಭದ ನಡೆಗಳಲ್ಲಿ ತಡವರಿಸುತ್ತಿದ್ದ, ನಡುವಿನ ಮತ್ತು ಕೊನೆಯ ಆಟದಲ್ಲಿ ಹಿಡಿದರೆ ಬಿಡುತ್ತಿರಲಿಲ್ಲ. ಅವನಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಸಿಕ್ಕಿದ್ದು 2024ರಲ್ಲಿ, ಸತ್ತು ಅರ್ಧ ಶತಮಾನ ದಾಟಿದ ಮೇಲೆ.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ. ಶಾಲೆ, ಕ್ಲಬ್ಬು, ಪಂದ್ಯಾವಳಿಗಳ ಜೊತೆ ಅಂತರರಾಷ್ಟ್ರೀಯ ನಿಯಮ ಬಂತು. 1988ರಲ್ಲಿ ವಿಶ್ವನಾಥನ್ ಆನಂದ್ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು, 2017ರಲ್ಲಿ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಕರ್ನಾಟಕದ ಮೊದಲಿಗರಾದರು. ಒಂದೇ ನಿಯಮ ಇರದಿದ್ದರೆ ಇವು ಸಾಧ್ಯವೇ ಇರಲಿಲ್ಲ, ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಿಯಮ ಎನ್ನುವುದು ಎಷ್ಟು ಗಟ್ಟಿ ಎಂಬುದಕ್ಕೆ ಒಂದು ಮಾತು. ಹುಡುಗ ಮತ್ತು ಅಜ್ಜ ಆಡಿದ ಹತ್ತು ನಿಮಿಷದ ಆಟವನ್ನು ಆ್ಯಪ್ ‘ರಾಪಿಡ್’ ಎನ್ನುತ್ತದೆ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟದ ಪ್ರಕಾರ ರಾಪಿಡ್ ಆಗಲು ಹತ್ತು ನಿಮಿಷಕ್ಕಿಂತ ಹೆಚ್ಚು, ಅರವತ್ತಕ್ಕಿಂತ ಕಡಿಮೆ ಸಮಯ ಇರಬೇಕು. ಹತ್ತು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ‘ಬ್ಲಿಟ್ಜ್’. ಅಂದರೆ ಅಜ್ಜನ ರೂಲ್ಸ್ ತಪ್ಪು ಎಂದ ಫೋನಿನ ರೂಲ್ಸೂ ಪುಸ್ತಕದ್ದಲ್ಲ.

ಕಾರ್ಗಲ್‌ನ ಪಾಲಿಗೆ ಈ ವಿಷಯಕ್ಕೆ ಇನ್ನೊಂದು ಮಗ್ಗುಲಿದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿ ಕಣಿವೆಯ ಊರುಗಳು ಮುಳುಗಿದವು, ಮನೆಮಂದಿ ದಿಕ್ಕಿಗೊಬ್ಬರಾಗಿ ಹೋದರು. ಅದೇ ಹೊತ್ತಿಗೆ ಕೆಲಸಕ್ಕೆಂದು ಬೇರೆ ಬೇರೆ ಕಡೆಯ ಜನ ಬಂದು ಕಾರ್ಗಲ್ ಎಂಬ ಊರು ಬೆಳೆಯಿತು. ಅಜ್ಜ ಹೇಳುವಂತೆ ಆಗ ಕಾಲೊನಿಯಲ್ಲಿ ಚೆಸ್‌ಗೆ ಕೂರುವ ಮುಂಚೆ ಮಾತುಕತೆ ಆಗಲೇಬೇಕಿತ್ತು. ‘ಒಂದು ಮನೆಯಾ, ಎರಡು ಮನೆಯಾ? ರಾಜಂಗೆ ಹಾರಿಕೆ ಉಂಟಾ, ಇಲ್ವಾ? ಇದು ಮೊದಲು. ಕಾಯಿ ಜೋಡ್ಸೂದು ಆಮೇಲೆ.’ ತಮಿಳುನಾಡಿನಿಂದ ಬಂದವರದು ಒಂದು ರೀತಿ, ಬಯಲುಸೀಮೆಯವರದು ಒಂದು ರೀತಿ, ಘಟ್ಟದ ಕೆಳಗಿನವರದು ಇನ್ನೊಂದು. ಜಗಳ ಆದರೆ ಬೋರ್ಡು ಯಾರದೋ ಅವರ ರೂಲ್ಸು.

ಮುಳುಗಿದ ಊರುಗಳ ಹೊಲ, ಮನೆ, ಮರಗಳಿಗೆ ದಾಖಲೆ ಆಯಿತು, ಕಡಿಮೆಯೋ ಹೆಚ್ಚೋ ಪರಿಹಾರ ಎಂದು ಬರೆದರು. ಜಗಲಿಯಲ್ಲಿ ಯಾವ ಆಟ ಹೇಗೆ ಆಡುತ್ತಿದ್ದರು ಎಂಬುದು ಯಾವ ಪಟ್ಟಿಯಲ್ಲೂ ಬರುವಂಥದ್ದಲ್ಲ. ಈಗ ಅದು ಇರುವುದು ಎಪ್ಪತ್ತು ದಾಟಿದ ಕೆಲವರ ತಲೆಯಲ್ಲಿ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಹಳೆಯ ಮಣೆಯಾಟಗಳನ್ನು ಸಂಗ್ರಹಿಸಿ ‘ಕ್ರೀಡಾಕೌಶಲ್ಯ’ ಎಂಬ ಪ್ರದರ್ಶನ ನಡೆಸುತ್ತ ಬಂದಿದೆ. ಅಳಗುಳಿ ಮಣೆ, ಪಗಡೆಹಾಸು ಕಣ್ಣಿಗೆ ಕಾಣುತ್ತವೆ, ಎತ್ತಿಡಬಹುದು. ಚದುರಂಗದ ಬೋರ್ಡು ಮಾತ್ರ ಹಳೆಯದಕ್ಕೂ ಹೊಸದಕ್ಕೂ ಒಂದೇ, 64 ಮನೆ. ವ್ಯತ್ಯಾಸ ಇರುವುದು ಆಡುವವನ ಬೆರಳಲ್ಲಿ.

ಆದ್ದರಿಂದ ಫೋನಿನ ರೆಕಾರ್ಡರ್ ಹಾಕಿಕೊಂಡು ಅಜ್ಜನ ಬಳಿ ಎರಡನೇ ಸಲ ಹೋದೆ. ಒಂದು ವಿಷಯ ಇನ್ನೂ ಬಗೆಹರಿದಿಲ್ಲ. ಕಾಲಾಳು ರಾಜನ ಸಾಲಿನಲ್ಲಿ ಕೊನೆ ಮುಟ್ಟಿದರೆ ಏನಾಗಬೇಕು? ಎರಡನೇ ರಾಜ ಆಗುವಂತಿಲ್ಲವಲ್ಲ. ಮಂತ್ರಿ ಆಗುತ್ತದೆ ಎನ್ನುತ್ತಾರೆ ಇವರು. ಅಲ್ಲೇ ಕೂತಿದ್ದ, ತುಮರಿ ಕಡೆಯಿಂದ ಬಂದಿದ್ದ ಅವರ ನೆಂಟರು ಒಪ್ಪಲಿಲ್ಲ. ಮೊದಲ ಮಂತ್ರಿ ಸತ್ತಿದ್ದರೆ ಮಾತ್ರ, ಬದುಕಿದ್ದರೆ ಕಾಲಾಳು ಒಂದು ಮನೆ ಹಿಂದೆಯೇ ಕಾಯಬೇಕು ಎಂದು ವಾದ. ಕುದುರೆಯ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಕುದುರೆಯ ಸಾಲಿನಲ್ಲಿ ಕೊನೆ ಮುಟ್ಟಿದ ಕಾಲಾಳು ಕುದುರೆ ಆಗುತ್ತದೆ, ಮತ್ತು ಎದುರಾಳಿಯ ಸರದಿಗೆ ಕಾಯದೆ ಆ ಕ್ಷಣವೇ ಒಂದು ಸಲ ಹಾರುತ್ತದೆ. ಯಾಕೆ ಎಂದು ಕೇಳಿದೆ.

‘ಹುಟ್ಟಿದ ಕುದುರೆ ಸುಮ್ನೆ ನಿಲ್ತದಾ?’ ಅಂದರು ಅಜ್ಜ.